ಶಟ್‌ಡೌನ್‌ಗೆ ಮೂರು ನಿಮಿಷ ಯಾಕೆ ಬೇಕಿತ್ತು?

ಅಕೌಂಟ್ಸ್ ವಿಭಾಗದ ಮೇಡಂ ಒಂದು ಸಂಜೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಕಂಪ್ಯೂಟರ್ ಪರದೆಯಲ್ಲಿ ಶಟ್‌ಡೌನ್ ಚಕ್ರ ಸುತ್ತುತ್ತಲೇ ಇತ್ತು.

“ದಿನಾ ಮೂರು ನಿಮಿಷ ಸರ್. ಕೆಲವು ಸಲ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಹೋಗಿಬಿಡ್ತೀನಿ,” ಅಂದರು. ನನಗೆ ಭಯವಾಯಿತು. ಬಿಲ್ಲಿಂಗ್ ಡೇಟಾಬೇಸ್ ಇದ್ದದ್ದು ಅದೇ ಕಂಪ್ಯೂಟರ್‌ನಲ್ಲಿ.

ಐಟಿ ಸಪೋರ್ಟ್ ನೋಡಿಕೊಳ್ಳುವ ನನ್ನ ಕೈ ಮೊದಲು ಹೋಗಿದ್ದು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಗೆ. ಶಟ್‌ಡೌನ್ ಆಗುವಾಗ ಸರ್ವಿಸ್‌ಗಳು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳು, ಕೆಲಸ ಮುಗಿಸಿಕೊಳ್ಳಲಿ ಅಂತ ವಿಂಡೋಸ್ ಸ್ವಲ್ಪ ಹೊತ್ತು ಕಾಯುತ್ತದೆ. ವಿಂಡೋಸ್ 10ರಲ್ಲಿ ಆ ಸಮಯ 5000 ಮಿಲಿಸೆಕೆಂಡ್. ಅದನ್ನು 2000ಕ್ಕೆ ಇಳಿಸಿದೆ. ಶಟ್‌ಡೌನ್ ಹೆಚ್ಚುಕಡಿಮೆ ಮೊದಲಿನಷ್ಟೇ ನಿಧಾನ. ಆದರೆ ಮಾರನೇ ಬೆಳಿಗ್ಗೆ ಡೇಟಾಬೇಸ್ ರಿಕವರಿ ಮಾಡಿಕೊಂಡು, ಅಂದರೆ ಅರ್ಧಕ್ಕೆ ನಿಂತದ್ದನ್ನು ಸರಿಪಡಿಸಿಕೊಂಡು, ತೆರೆಯಿತು. ಅದು ಸರಿಯಾಗಿ ಮುಚ್ಚಿಕೊಳ್ಳುವ ಮೊದಲೇ ವಿಂಡೋಸ್ ಅದನ್ನು ನಿಲ್ಲಿಸಿತ್ತು. ಲೆಕ್ಕ ಹಾಳಾಗಿರಲಿಲ್ಲ, ಸದ್ಯ. ಕೂಡಲೇ 5000ಕ್ಕೆ ವಾಪಸ್ ಇಟ್ಟೆ. ಯಾವುದಕ್ಕಾಗಿ ಕಾಯುತ್ತಿದೆ ಅಂತ ನೋಡದೆ ಕಾಯುವ ಸಮಯ ಕಡಿಮೆ ಮಾಡಿದ್ದು ನನ್ನ ತಪ್ಪು.

ಆಮೇಲೆ ಇವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆದೆ. ಕಂಪ್ಯೂಟರ್‌ನಲ್ಲಿ ಯಾವಾಗ ಏನಾಯಿತು ಅಂತ ವಿಂಡೋಸ್ ಬರೆದಿಡುವ ದಾಖಲೆ ಅದು. ಯಾರಾದರೂ ಶಟ್‌ಡೌನ್ ಒತ್ತಿದಾಗ ಅಲ್ಲಿ 1074 ಅನ್ನುವ ಇವೆಂಟ್ ಬೀಳುತ್ತದೆ. ಈ ದಾಖಲೆ ಬರೆಯುವ ಲಾಗ್ ಸರ್ವಿಸ್ ತಾನೇ ನಿಂತಾಗ 6006 ಬೀಳುತ್ತದೆ. ಇವೆರಡರ ನಡುವೆ ಇದ್ದದ್ದು ಬರೀ 12 ಸೆಕೆಂಡ್! ಅಂದರೆ ಸರ್ವಿಸ್‌ಗಳ ಮೇಲೆ ನನಗಿದ್ದ ಅನುಮಾನವೇ ಸುಳ್ಳು. ಉಳಿದ ಹೊತ್ತೆಲ್ಲ ಅದಾದ ಮೇಲೆ ಹೋಗುತ್ತಿತ್ತು. ಆ ಸಂಜೆ ಪಕ್ಕದಲ್ಲೇ ಕೂತು ನೋಡಿದೆ. ಪರದೆ ಸುಮ್ನೆ ನಿಂತಿದ್ದರೂ ಹಾರ್ಡ್ ಡಿಸ್ಕ್ ದೀಪ ಒಂದೇ ಸಮ ಉರಿಯುತ್ತಿತ್ತು. ಡಿಸ್ಕ್‌ಗೆ ಏನೋ ಬರೆಯುತ್ತಿದೆ, ಅಲ್ವಾ?

ಹುಡುಕಿದಾಗ ಸೆಕ್ಯುರಿಟಿ ಪಾಲಿಸಿಯಲ್ಲಿ ಸಿಕ್ಕಿತು. ಪ್ರತಿ ಶಟ್‌ಡೌನ್‌ನಲ್ಲೂ ಪೇಜ್‌ಫೈಲ್ ಅಳಿಸು ಅನ್ನುವ ಸೆಟ್ಟಿಂಗ್ ಆನ್ ಆಗಿತ್ತು. ರ‍್ಯಾಮ್ ಸಾಲದಾದಾಗ ವಿಂಡೋಸ್ ಡಿಸ್ಕ್ ಮೇಲೆ ಬಳಸುವ ಜಾಗವೇ ಪೇಜ್‌ಫೈಲ್. ಇಲ್ಲಿ ಅದು 16 ಜಿಬಿ. ಅಷ್ಟಕ್ಕೂ ಸೊನ್ನೆ ಬರೆಯಬೇಕು. ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಬರೆದರೂ 160 ಸೆಕೆಂಡ್ ದಾಟುತ್ತದೆ. ಮೂರು ನಿಮಿಷದ ಲೆಕ್ಕ ಸರಿಹೋಯಿತು.

ಸಿಕ್ಕಿದ ಕೂಡಲೇ ಅದನ್ನು ಆಫ್ ಮಾಡಲಿಲ್ಲ. ಪೇಜ್‌ಫೈಲ್‌ನಲ್ಲಿ ಪಾಸ್‌ವರ್ಡ್, ಕಡತದ ತುಣುಕು ಏನು ಬೇಕಾದರೂ ಉಳಿದಿರಬಹುದು. ಡಿಸ್ಕ್ ಬೇರೆಯವರ ಕೈಗೆ ಸಿಕ್ಕರೆ ಓದಿಬಿಡಬಹುದು. ಯಾರೋ ಯೋಚಿಸಿಯೇ ಆ ಸೆಟ್ಟಿಂಗ್ ಹಾಕಿದ್ದರು. ಸೆಕ್ಯುರಿಟಿ ನೋಡುವವರ ಜೊತೆ ಕೂತು ಮಾತಾಡಿದೆ. ವಿಂಡೋಸ್‌ನದೇ ಬಿಟ್‌ಲಾಕರ್ ಹಾಕಿದರೆ ಇಡೀ ಡ್ರೈವ್ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದವರಿಗೆ ಓದಲು ಬರುವುದಿಲ್ಲ. ಪೇಜ್‌ಫೈಲ್ ಅದೇ ಡ್ರೈವ್‌ನಲ್ಲಿರುವುದರಿಂದ ಅದಕ್ಕೂ ರಕ್ಷಣೆ ಸಿಗುತ್ತದೆ. ಅವರು ಒಪ್ಪಿದರು. ಎನ್‌ಕ್ರಿಪ್ಷನ್ ಪೂರ್ತಿ ಮುಗಿದ ಮೇಲೆ ಆ ಸೆಟ್ಟಿಂಗ್ ಆಫ್ ಮಾಡಿದೆ.

ಅವತ್ತು ಸಂಜೆ ಮೇಡಂ ಶಟ್‌ಡೌನ್ ಒತ್ತಿ ಬ್ಯಾಗ್ ತೆಗೆದುಕೊಳ್ಳುವಷ್ಟರಲ್ಲಿ ಪರದೆ ಕಪ್ಪಾಯಿತು. “ಆಫ್ ಆಯ್ತಾ?” ಅಂತ ಎರಡು ಸಲ ಕೇಳಿದರು.