ಅಲ್ಲ, ಆ ಪಾಸ್ಕಲ್ ಅಲ್ಲ

"ಪಾಸ್ಕಲ್? ಓಹೋ, ಒತ್ತಡದ ನಿಯಮ ಹೇಳಿದ ವಿಜ್ಞಾನಿ ಹೆಸರು! ನಿಮ್ಮ ತಂದೆ ಮೇಷ್ಟ್ರಾಗಿದ್ರಾ?"

ಇಲ್ಲ. ನಮ್ಮಪ್ಪ ಹಾಸ್ಟೆಲೊಂದರಲ್ಲಿ ಅಡುಗೆಯವರು. ಒತ್ತಡ ಅಂದರೆ ಅವರಿಗೆ ಗೊತ್ತಿದ್ದದ್ದು ಕುಕ್ಕರಿನದ್ದು ಮಾತ್ರ. ನಾನು ಹುಟ್ಟಿದ್ದು ಮೇ 17ಕ್ಕೆ. ಅವತ್ತು ಸಂತ ಪಾಸ್ಕಲ್ ಬೈಲೋನರ ಹಬ್ಬ, ಸಾಲದ್ದಕ್ಕೆ ಅವರು ಅಡುಗೆಯವರ ಪಾಲಕ ಸಂತ. ಹೆಸರಿಡೋಕೆ ಅಪ್ಪನಿಗೆ ಎರಡು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಉತ್ತರ ಇಷ್ಟೇ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಪಿಯುಸಿಯ ಮೊದಲ ವಾರ ಹಾಜರಿ ಕೂಗುತ್ತಿದ್ದ ಭೌತಶಾಸ್ತ್ರದ ಮೇಷ್ಟ್ರು ನನ್ನ ಹೆಸರಿಗೆ ಬಂದು ನಿಂತುಬಿಟ್ಟರು. "ಎದ್ದೇಳಪ್ಪಾ ಪಾಸ್ಕಲ್, ನಿನ್ನ ನಿಯಮ ನೀನೇ ಹೇಳು." ಬರಲಿಲ್ಲ. ಇಡೀ ಕ್ಲಾಸು ನಕ್ಕಿತು. ನನಗೆ ಗೊತ್ತಿರೋ ಪಾಸ್ಕಲ್ ಕುರಿ ಕಾಯ್ತಿದ್ದವರು ಸಾರ್, ಅನ್ನೋಣ ಅನ್ನಿಸಿತು. ಅಂದಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದರು. ಎರಡು ವರ್ಷ 'ಏನಪ್ಪಾ ಒತ್ತಡ' ಅಂತಲೇ ಕರೆಸಿಕೊಂಡೆ.

ಲೆಕ್ಕಕ್ಕೇ ಬನ್ನಿ. ವಿಜ್ಞಾನಿ ಬ್ಲೇಸ್ ಪಾಸ್ಕಲ್ ಹುಟ್ಟಿದ್ದು 1623ರಲ್ಲಿ. ನಮ್ಮವರು ತೀರಿಕೊಂಡದ್ದೇ 1592ರಲ್ಲಿ. ಸೀನಿಯಾರಿಟಿ ನಮ್ಮದು! 1540ರ ಪೆಂತೆಕೋಸ್ತ್ ದಿನ, ಅಂದರೆ ಈಸ್ಟರಿನಿಂದ ಐವತ್ತನೇ ದಿನ ಬರುವ ಹಬ್ಬದಂದು, ಸ್ಪೇನಿನ ಅರಗಾನ್ ಸೀಮೆಯಲ್ಲಿ ಹುಟ್ಟಿದರು. ಅಲ್ಲಿಯವರು ಈಸ್ಟರಿನ ಹಾಗೆ ಪೆಂತೆಕೋಸ್ತನ್ನೂ 'ಪಾಸ್ಕ' ಅನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ. ಸತ್ತದ್ದೂ ಪೆಂತೆಕೋಸ್ತ್ ದಿನವೇ.

ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಬಾರದೇ, ಆ ಕುರಿ ಕಾಯೋ ಹುಡುಗ ಬಯಲಲ್ಲಿ ಯಾಕೆ ಮಂಡಿಯೂರುತ್ತಿದ್ದ ಅಂತ?

ಕುರಿ ಬಿಟ್ಟು ಚರ್ಚಿನ ಬಲಿಪೂಜೆಗೆ ಹೋಗುವ ಹಾಗಿರಲಿಲ್ಲ. ದೂರದ ಚರ್ಚಿನಲ್ಲಿ ಗುರುಗಳು ರೊಟ್ಟಿಯನ್ನು ಎತ್ತಿ ಹಿಡಿಯುವಾಗ ಗಂಟೆ ಹೊಡೆಯುತ್ತಾರೆ. ಆ ರೊಟ್ಟಿಯೇ ಪರಮ ಪ್ರಸಾದ, ಕ್ರಿಸ್ತನ ಶರೀರವೇ ಅದು ಅಂತ ನಮ್ಮ ನಂಬಿಕೆ. ಗಂಟೆ ಕಿವಿಗೆ ಬಿದ್ದರೆ ಸಾಕು, ಹುಡುಗ ನಿಂತಲ್ಲೇ, ಮಣ್ಣಿನ ಮೇಲೇ ಮಂಡಿಯೂರುತ್ತಿದ್ದನಂತೆ. ಕುರಿಗಳು ಮೇಯುತ್ತಲೇ ಇರುತ್ತಿದ್ದವೋ ಏನೋ. (ನಾನೂ ಅದೇ ಗಂಟೆಗೆ ಚರ್ಚಿನ ಹೊರಗೆ ಬೈಕಿಗೆ ಒರಗಿ ನಿಂತವನೇ. ಉಪದೇಶ ಮಾಡ್ತಿದ್ದೇನೆ ಅಂದುಕೊಳ್ಳಬೇಡಿ.)

1564ರಲ್ಲಿ ಫ್ರಾನ್ಸಿಸ್ಕನ್ ಮಠ ಸೇರಿದರು. ಬಲಿಪೂಜೆ ಅರ್ಪಿಸಲು ಬೇಕಾದ ಗುರುಪಟ್ಟ ಮಾತ್ರ ತೆಗೆದುಕೊಳ್ಳಲಿಲ್ಲ. ಅಡುಗೆ ಮಾಡಿದರು, ಊಟದ ಮನೆ ನೋಡಿಕೊಂಡರು, ಬಾಗಿಲು ಕಾದರು, ಬಂದ ಬಡವರಿಗೆ ರೊಟ್ಟಿ ಕೊಟ್ಟರು. ಹೀಗೆ ಬಾಗಿಲು ಕಾಯುವಾಗ ಒಮ್ಮೆ ಮಠದ ಹಿರಿಯರು, "ಬಂದವರಿಗೆ ನಾನಿಲ್ಲ ಅಂತ ಹೇಳು" ಅಂದರಂತೆ. "ಕೆಲಸದಲ್ಲಿದ್ದಾರೆ ಅಂತ ಹೇಳ್ತೀನಿ, ಇಲ್ಲ ಅಂತ ಹೇಳಲ್ಲ" ಅಂದರಂತೆ ಇವರು. ಸುಳ್ಳಾಗುತ್ತದಲ್ಲ!

ಜೀವಮಾನದಲ್ಲಿ ಒಮ್ಮೆಯೂ ಬಲಿಪೂಜೆ ಅರ್ಪಿಸದ, ಆ ರೊಟ್ಟಿಯನ್ನು ತಾನು ಎತ್ತಿ ತೋರಿಸದ ಇವರನ್ನೇ ಪೋಪ್ ಹದಿಮೂರನೇ ಲಿಯೋ 1897ರಲ್ಲಿ ಪರಮ ಪ್ರಸಾದದ ಗೌರವಕ್ಕೆ ಕ್ಯಾಥೊಲಿಕರು ಸೇರುವ ಮಹಾಸಮ್ಮೇಳನಗಳಿಗೆಲ್ಲ ಪಾಲಕರನ್ನಾಗಿ ಘೋಷಿಸಿದರು. 1964ರಲ್ಲಿ ಪೋಪ್ ಆರನೇ ಪೌಲರು ಮುಂಬೈಗೆ ಬಂದರಲ್ಲ, ಅದೂ ಅಂಥದ್ದೇ ಸಮ್ಮೇಳನಕ್ಕೆ. ಅಡುಗೆಯವರ ಸಂತ ಅಂತ ಅಪ್ಪ ಬೀಗುತ್ತಿದ್ದದ್ದು ಸುಮ್ಮನೆ ಅಲ್ಲ.

ಮೊನ್ನೆ ಬ್ಯಾಂಕಿನ ಕೌಂಟರಿನಲ್ಲಿ ಹುಡುಗಿ ಕೇಳಿದಳು: "ಸಾರ್, ಪಾಸ್ಕಲ್ ಅಂದ್ರೆ ಆ ವಿಜ್ಞಾನಿ ಹೆಸರೇ ಅಲ್ವಾ ನಿಮಗಿಟ್ಟಿರೋದು?"

ಹಿಂದೆ ಹನ್ನೊಂದು ಜನ ನಿಂತಿದ್ದರು. "ಹೌದಮ್ಮಾ" ಅಂದುಬಿಟ್ಟೆ.