ಚೊಗರಿನ ಕಲೆ

ಫ್ಯಾಷನ್ ಡಿಸೈನ್ ಓದಿನ ಕೊನೆಯ ವರ್ಷ. ಆರು ಉಡುಪು ಹೊಲಿದು ತೋರಿಸಬೇಕಿತ್ತು. ವಿಷಯ, ನಮ್ಮೂರಿನ ಬಣ್ಣ. ನಾನು ಸಾಗರದ ಕಡೆಯವಳು. ಕಾಡಿನ ಹಸಿರು, ಮಳೆಗಾಲದ ಬೂದು ಅಂತ ಹಾಳೆ ತುಂಬಿಸಿಕೊಂಡು ಹೋದೆ. ಮೇಡಂ ನೋಡಿ, "ಇದು ಯಾವ ಊರಿಗಾದ್ರೂ ಹೊಂದುತ್ತೆ. ನಿಮ್ಮನೆ ಬಣ್ಣ ಯಾವುದು?" ಅಂದರು. ನನಗೆ ಹೇಳಲು ಗೊತ್ತಾಗಲಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಬಂದಾಗ ಅಡಿಕೆ ಕೊಯ್ಲು ಜೋರಾಗಿತ್ತು. ಸುಲಿದ ಅಡಿಕೆ ಹಂಡೆಯಲ್ಲಿ ಕುದಿಯುತ್ತಿತ್ತು. ಅಡಿಕೆ ಬೆಂದ ಆ ಕೆಂಪು ನೀರೇ ಚೊಗರು. "ಹಳೇ ಬಟ್ಟೆ ಹಾಕ್ಕೊಂಡು ಬಾ ಮಾರಾಯ್ತಿ, ಚೊಗರು ತಾಗಿದ್ರೆ ಜನ್ಮಕ್ಕೂ ಹೋಗಲ್ಲ" ಎಂದಳು ಅಮ್ಮ. ಹಾಗೆನ್ನುತ್ತಾ ಬಿಸಿ ಹಂಡೆ ಹಿಡಿಯಲು ಒಂದು ಅರಿವೆ ಎತ್ತಿಕೊಂಡಳು. ಅದು ಅಪ್ಪನ ಹಳೇ ಬಿಳಿ ಪಂಚೆ. ವರ್ಷಗಟ್ಟಲೆ ಚೊಗರು ಕುಡಿದು ಕುಡಿದು ಕೆಂಗಂದು ಬಣ್ಣಕ್ಕೆ ತಿರುಗಿತ್ತು. ಮಡಿಕೆಗಳಲ್ಲಿ ತಿಳಿ, ಅಂಚಿನಲ್ಲಿ ಗಾಢ. ಎಷ್ಟು ಒಗೆದರೂ ಬಿಡದ ಬಣ್ಣ! ನಾವು ಬಣ್ಣದ ತರಗತಿಯಲ್ಲಿ ಒದ್ದಾಡುವುದು ಅದಕ್ಕೇ ಅಲ್ವಾ? ಪಕ್ಕದ ಹೆಗ್ಗೋಡಿನಲ್ಲಿ 'ಚರಕ' ಸಹಕಾರ ಸಂಘದ ಹೆಂಗಸರು ಇದೇ ಚೊಗರಿನಲ್ಲಿ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಆ ಬಟ್ಟೆ ನಾನೂ ಉಟ್ಟಿದ್ದೆ. ಆದರೂ ನಮ್ಮನೆ ಹಂಡೆ ನೆನಪಾಗಿರಲಿಲ್ಲ.

ಅವತ್ತು ರಾತ್ರಿಯೇ ಕೈಮಗ್ಗದ ಬಿಳಿ ಬಟ್ಟೆಯನ್ನು ಅಂಟುವಾಳದಲ್ಲಿ ಒಗೆದು, ಬಣ್ಣ ಹಿಡಿಯಲಿ ಅಂತ ಪಟಿಕದ ನೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಕೈಗೆ ಸಿಕ್ಕ ಕಬ್ಬಿಣದ ಬಕೆಟ್ಟಿಗೆ ಬಿಸಿ ಚೊಗರು ಸುರಿದು ಬಟ್ಟೆ ಮುಳುಗಿಸಿದೆ. ಎತ್ತಿ ನೋಡಿದರೆ ಬಟ್ಟೆಯ ತುಂಬ ಕರೀ ಮಚ್ಚೆ. ಎರಡು ಮೀಟರ್ ಬಟ್ಟೆ ಹಾಳಾಯಿತು ಅಂತ ಅಳುವೇ ಬಂತು.

ತಪ್ಪು ಬಕೆಟ್ಟಿನದು. ಅಡಿಕೆಯ ಒಗರಿಗೆ ತುಕ್ಕು ಸೇರಿದರೆ ಕಪ್ಪಾಗುತ್ತದೆ. ಎರಡನೇ ಸಲ ತಾಮ್ರದ ಪಾತ್ರೆಯಲ್ಲಿ ಮಾಡಿದೆ. ಒಣಗಿದ ಮೇಲೆ ಬಟ್ಟೆ ಥೇಟ್ ಅಪ್ಪನ ಪಂಚೆಯ ಬಣ್ಣ! ಆ ಕಪ್ಪನ್ನೂ ಬಿಡಲು ಮನಸ್ಸಾಗಲಿಲ್ಲ. ತುಕ್ಕು ಮೊಳೆಗಳನ್ನು ಬೆಲ್ಲದ ನೀರಿಗೆ ಹಾಕಿ, ಮುಚ್ಚಿಟ್ಟು ಬೆಂಗಳೂರಿಗೆ ಹೋದೆ.

ಸಂಕ್ರಾಂತಿಗೆ ಬಂದವಳೇ ಆ ತುಕ್ಕಿನ ನೀರು ಸೋಸಿಕೊಂಡು, ಚೊಗರಿನ ಬಟ್ಟೆಯನ್ನೂ ಹಿಡಿದು ಕೆಳಗಿನ ಕೇರಿಯ ಅಜ್ಜಿಯ ಮನೆಗೆ ಓಡಿದೆ. ನಮ್ಮ ಕಡೆ ದೀವರ ಸಮುದಾಯದ ಹೆಂಗಸರು ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಅಜ್ಜಿಯ ಕೈ ನಡುಗುತ್ತದೆ, ಆದರೆ ಎಳೆ ಮಾತ್ರ ಒಂಚೂರೂ ಅಲುಗದು. ಬಟ್ಟೆಯ ಮೇಲೆ ಅವರು ಯಾವತ್ತೂ ಬರೆದಿರಲಿಲ್ಲ. ಸೆರಗಿನ ಅಂಚಿಗೆ ಬರೆದುಕೊಡಿ ಅಂತ ಕೇಳಿದೆ. ಬರೆದಷ್ಟು ಕೂಲಿ ಅಂತ ಮೊದಲೇ ಮಾತಾಡಿಕೊಂಡೆ. ಆ ಎಳೆ ಅವರದು, ನಾನು ಸುಮ್ನೆ ಎತ್ತಿಕೊಳ್ಳಬಾರದು.

ಅಜ್ಜಿ ಪುಂಡಿ ನಾರಿನ ಕುಂಚ ಅದ್ದಿ ಮೊದಲ ಎಳೆ ಎಳೆದರು. ಕಾಣಿಸಲೇ ಇಲ್ಲ, ಸ್ವಲ್ಪ ಒದ್ದೆಯಾಯಿತು ಅಷ್ಟೆ.

"ಇದೆಂಥದೇ ಮಗಾ, ನೀರಲ್ಲಿ ಬರೆಸ್ತೀಯಾ?"

"ಒಂದು ಗಳಿಗೆ ತಡೀರಿ ಅಜ್ಜಿ."

ಒದ್ದೆ ಗೆರೆ ಬೂದು ಬಣ್ಣಕ್ಕೆ ತಿರುಗಿತು. ನೋಡುತ್ತಿದ್ದಂತೆ ಕಪ್ಪೇರುತ್ತಾ ಹೋಯಿತು. ಅಜ್ಜಿ ಮುಖ ಹತ್ತಿರ ತಂದು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ಮಾತಾಡದೆ, ಅದರ ಪಕ್ಕಕ್ಕೆ ಎರಡನೇ ಎಳೆ ಹಾಕಿದರು.