ಅಂಗಳದ ಮೇಲೆ ಹಾದ ರಸ್ತೆ

ಶನಿವಾರ, 11 ಮೇ 2024
ಇನೆ, ಕ್ಯೋಟೋ ಪ್ರಾಂತ್ಯ, ಜಪಾನ್

ನಿನ್ನೆ ಸಂಜೆ ಕೆಲಸ ಮುಗಿಸಿ ಕ್ಯೋಟೋ ನಗರದಿಂದ ರೈಲು ಹತ್ತಿದ್ದೆ. ಜೊತೆಗೆ ಮಡಚುವ ಸೈಕಲ್, ಚೀಲದೊಳಗೆ. ಇಲ್ಲಿನ ರೈಲುಗಳಲ್ಲಿ ಸೈಕಲ್ ಒಯ್ಯಲು ಬೇರೆ ಟಿಕೆಟ್ ಬೇಡ. ಆದರೆ ಮಡಚಿ ಅಥವಾ ಗಾಲಿ ಬಿಚ್ಚಿ, ಪೂರ್ತಿ ಚೀಲದೊಳಗೆ ಮುಚ್ಚಿರಬೇಕು. ಅದಕ್ಕೆಂದೇ ತೆಳುವಾದ ಚೀಲಗಳು ಅಂಗಡಿಯಲ್ಲಿ ಸಿಗುತ್ತವೆ. ಎರಡು ಗಂಟೆಯ ದಾರಿ. ಉತ್ತರಕ್ಕೆ ಬೆಟ್ಟಗಳನ್ನು ದಾಟಿದರೆ ಜಪಾನ್ ಸಮುದ್ರ. ರಾತ್ರಿ ಅಮಾನೊಹಾಶಿದಾತೆ ನಿಲ್ದಾಣದ ಹತ್ತಿರ ಒಂದು ಸಣ್ಣ ವಸತಿಮನೆಯಲ್ಲಿ ಉಳಿದೆ.

ಬೆಳಿಗ್ಗೆ ಏಳಕ್ಕೇ ಹೊರಟೆ. ಬಿಸಿಲು ಚೆನ್ನಾಗಿತ್ತು, ಗಾಳಿ ಕಡಿಮೆ.

ಮೊದಲು ದಾಟಬೇಕಾದ್ದು ಅಮಾನೊಹಾಶಿದಾತೆಯ ಮರಳು ದಿಬ್ಬ. ಕೊಲ್ಲಿಯ ಒಂದು ದಡದಿಂದ ಇನ್ನೊಂದು ದಡಕ್ಕೆ 3.6 ಕಿ.ಮೀ. ಉದ್ದಕ್ಕೆ ಚಾಚಿರುವ ಮರಳಿನ ಪಟ್ಟಿ. ಅದರ ತುಂಬ ಸಾವಿರಾರು ಪೈನ್ ಮರಗಳು. ಒಳಗೆ ಕಾರು ಬಿಡುವುದಿಲ್ಲ, ಸೈಕಲ್ ಬಿಡುತ್ತಾರೆ. ಜಪಾನಿನ ಮೂರು ಅತಿ ಚೆಂದದ ನೋಟಗಳಲ್ಲಿ ಇದೂ ಒಂದು ಅನ್ನುವುದು ಹಳೆಯ ಮಾತು. ಜನ ಬೆಟ್ಟ ಹತ್ತಿ, ಬಗ್ಗಿ, ಕಾಲುಗಳ ನಡುವಿನಿಂದ ತಲೆಕೆಳಗಾಗಿ ಇದನ್ನು ನೋಡುತ್ತಾರೆ. ಹಾಗೆ ನೋಡಿದರೆ ದಿಬ್ಬ ಆಕಾಶಕ್ಕೆ ಹಾಕಿದ ಸೇತುವೆಯಂತೆ ಕಾಣುತ್ತದಂತೆ. ನನಗೆ ಬೆಟ್ಟದ ಮೇಲಿನ ನೋಟಕ್ಕಿಂತ ದಿಬ್ಬದ ಒಳಗಿನ ದಾರಿಯೇ ಇಷ್ಟವಾಯಿತು. ಎಡಕ್ಕೆ ಒಳಗಿನ ಆಸೊ ಕೊಲ್ಲಿ, ಬಲಕ್ಕೆ ಮಿಯಾಜು ಕೊಲ್ಲಿ, ನಡುವೆ ಸೂಜಿ ಎಲೆಗಳ ನೆರಳು. ಎರಡೂ ಕಡೆ ಉಪ್ಪು ನೀರಿದ್ದರೂ ದಿಬ್ಬದ ಮೇಲೆ ಇಸೊಶಿಮಿಜು ಎಂಬ ಸಿಹಿನೀರಿನ ಬಾವಿಯಿದೆ. ಅಲ್ಲಿ ನಿಂತು ಕೈ ತೊಳೆದುಕೊಂಡೆ.

ಇಲ್ಲಿನ ಮರಳು ತನ್ನಷ್ಟಕ್ಕೆ ನಿಂತಿಲ್ಲ. ಹೊಳೆಗಳು ತರುವ ಮರಳು ಕಡಿಮೆಯಾದ ಮೇಲೆ ದಡ ಸವೆಯತೊಡಗಿತು. ಈಗ ದಡದ ಉದ್ದಕ್ಕೂ ಕಲ್ಲಿನ ಸಣ್ಣ ಅಡ್ಡಗೋಡೆಗಳಿವೆ, ಮರಳನ್ನೂ ತಂದು ಸುರಿಯುತ್ತಾರೆ. ಮರಗಳ ಕಥೆಯೂ ಹೀಗೇ. 2004ರ ಚಂಡಮಾರುತದಲ್ಲಿ ಇನ್ನೂರಕ್ಕೂ ಹೆಚ್ಚು ಮರ ಉರುಳಿದವು. ಹಿಂದೆ ಸುತ್ತಲಿನ ಜನ ಉದುರಿದ ಎಲೆಗಳನ್ನು ಒಲೆಗೆ ಗುಡಿಸಿಕೊಂಡು ಹೋಗುತ್ತಿದ್ದರು. ಗ್ಯಾಸ್ ಬಂತು, ಎಲೆ ಅಲ್ಲೇ ಕೊಳೆತು ನೆಲ ಫಲವತ್ತಾಯಿತು. ಸುಲಭಕ್ಕೆ ಊಟ ಸಿಕ್ಕ ಬೇರುಗಳು ಆಳಕ್ಕೆ ಇಳಿಯಲಿಲ್ಲ. ಬಡ ಮರಳಿನಲ್ಲೇ ಪೈನ್ ಗಟ್ಟಿಯಾಗಿ ಬೇರೂರುತ್ತದೆ. ಹಾಗಾಗಿ ಈಗ ಸ್ವಯಂಸೇವಕರು ಬಂದು ಎಲೆ ಗುಡಿಸುತ್ತಾರೆ.

ದಿಬ್ಬ ದಾಟಿದ ಮೇಲೆ 178ನೇ ನಂಬರಿನ ಹೆದ್ದಾರಿ. ಸಮುದ್ರದ ಪಕ್ಕದಲ್ಲೇ ಉತ್ತರಕ್ಕೆ ಹೋಗುತ್ತದೆ. ಗದ್ದೆಗಳಲ್ಲಿ ನೀರು ನಿಲ್ಲಿಸಿದ್ದರು. ಕೆಲವು ಕಡೆ ನಾಟಿ ಆಗಿತ್ತು. ಸಣ್ಣಪುಟ್ಟ ಏರುಗಳು, ಅಷ್ಟೇನೂ ಕಷ್ಟವಿಲ್ಲ. ಸುರಂಗಗಳಲ್ಲಿ ಮಾತ್ರ ಹಿಂದೆ ಕೆಂಪು ದೀಪ ಇರಲೇಬೇಕು. ಲಾರಿಗಳು ಪಕ್ಕದಲ್ಲೇ ಹಾದುಹೋಗುತ್ತವೆ. ಸುಮಾರು ಒಂಬತ್ತೂವರೆಗೆ ಇನೆ ತಲುಪಿದೆ.

ಇನೆ ಸುಮಾರು 2 ಸಾವಿರ ಜನರ ಊರು. ಹೆಸರು ಮಾಡಿರುವುದು 'ಫುನಾಯ'ಗಳಿಂದ, ಅಂದರೆ ದೋಣಿಮನೆಗಳಿಂದ. ಕೊಲ್ಲಿಯ ಸುತ್ತ ಸುಮಾರು 5 ಕಿ.ಮೀ. ದಡದಲ್ಲಿ 230ರಷ್ಟು ದೋಣಿಮನೆಗಳು ನೀರಿಗೆ ಮುಖ ಮಾಡಿ ಸಾಲಾಗಿ ನಿಂತಿವೆ. ಕೆಳಗಿನ ಅಂತಸ್ತಿನ ನೆಲ ಇಳಿಜಾರಾಗಿ ಸಮುದ್ರಕ್ಕೇ ಇಳಿಯುತ್ತದೆ. ದೋಣಿಯನ್ನು ನೀರಿನಿಂದ ನೇರ ಮನೆಯೊಳಗೆ ಎಳೆದುಕೊಳ್ಳಬಹುದು. ಮರದ ದೋಣಿ ಯಾವಾಗಲೂ ನೀರಲ್ಲೇ ಇದ್ದರೆ ಹುಳು ಕೊರೆಯುತ್ತದೆ, ಕೊಳೆಯುತ್ತದೆ. ಒಣಗಿಸಲು ಒಂದು ಜಾಗ ಬೇಕಿತ್ತು. ಮೇಲೆ ಅಟ್ಟ, ಬಲೆ ಒಣಗಿಸಲು. ಮೀನು ಚೆನ್ನಾಗಿ ಸಿಕ್ಕ ಕಾಲದಲ್ಲಿ ಹುಲ್ಲಿನ ಮಾಡು ಹೋಗಿ ಹಂಚು ಬಂತು, ಅಟ್ಟ ಕೋಣೆಯಾಯಿತು.

ಸಮುದ್ರದ ಮೇಲೆ ಹೀಗೆ ಮನೆ ಕಟ್ಟಲು ಹೇಗೆ ಸಾಧ್ಯವಾಯಿತು? ಕರಾವಳಿಯಲ್ಲಿ ಬೆಳೆದ ನನಗೆ ಇದೇ ದೊಡ್ಡ ಪ್ರಶ್ನೆ. ನಮ್ಮ ಕಾರವಾರದ ಕಡೆ ದೊಡ್ಡ ಉಬ್ಬರದ ದಿನ ನೀರು ಒಂದೂವರೆ ಮೀಟರಿನಷ್ಟು ಏರಿ ಇಳಿಯುತ್ತದೆ. ಅಲ್ಲಿ ಇಂಥ ಮನೆ ಕಟ್ಟಿದರೆ ಒಂದು ಹೊತ್ತು ದೋಣಿ ಮುಳುಗುತ್ತದೆ, ಇನ್ನೊಂದು ಹೊತ್ತು ಕೆಸರಲ್ಲಿ ಕೂರುತ್ತದೆ. ಜಪಾನ್ ಸಮುದ್ರ ಹಾಗಲ್ಲ. ಸುತ್ತ ನೆಲ, ಹೊರಗಿನ ಸಾಗರಕ್ಕೆ ಇಕ್ಕಟ್ಟಾದ ಬಾಗಿಲುಗಳು. ಹಾಗಾಗಿ ಉಬ್ಬರ ಇಳಿತ ತೀರಾ ಕಡಿಮೆ. ಇನೆಯಲ್ಲಿ ವರ್ಷವಿಡೀ ಲೆಕ್ಕ ಹಾಕಿದರೂ ಅರ್ಧ ಮೀಟರಿನ ಆಸುಪಾಸು. ಅದೂ ಅಲ್ಲದೆ ಈ ಕೊಲ್ಲಿ ದಕ್ಷಿಣಕ್ಕೆ ತೆರೆದಿದೆ. ಚಳಿಗಾಲದ ಬಿರುಗಾಳಿ ಬರುವುದು ವಾಯವ್ಯದಿಂದ. ಅದನ್ನು ಹಿಂದಿನ ಬೆಟ್ಟ ತಡೆಯುತ್ತದೆ. ಕೊಲ್ಲಿಯ ಬಾಯಿಗೆ ಆವೊಶಿಮಾ ಎಂಬ ಕಾಡು ತುಂಬಿದ ದ್ವೀಪ ಅಡ್ಡ ನಿಂತಿದೆ. ದಡದಿಂದ ಸ್ವಲ್ಪ ಮುಂದಕ್ಕೇ ನೀರು ಆಳ, ಹಾಗಾಗಿ ಅಲೆ ಎತ್ತರಕ್ಕೆ ಏಳುವುದಿಲ್ಲ. ಇವೆಲ್ಲ ಒಂದೇ ಕಡೆ ಕೂಡಿಬಂದಿರುವುದು ನಿಜಕ್ಕೂ ಅಪರೂಪ.

ಆ ದ್ವೀಪದಲ್ಲಿ ತಿಮಿಂಗಿಲಗಳಿಗೆ ಸಮಾಧಿ ಇದೆ. ಹಿಂದೆ ತಿಮಿಂಗಿಲ ಕೊಲ್ಲಿಯೊಳಗೆ ಬಂದರೆ ಊರಿನವರೆಲ್ಲ ಸೇರಿ ಕೊಲ್ಲಿಯ ಬಾಯಿಗೆ ಬಲೆ ಕಟ್ಟಿ ಹಿಡಿಯುತ್ತಿದ್ದರು. 17ನೇ ಶತಮಾನದಿಂದ 1913ರವರೆಗೂ ಹಿಡಿದ ದಾಖಲೆ ಇದೆ. ಕೊಂದ ಜೀವಕ್ಕೆ ಕಲ್ಲು ನೆಟ್ಟು ಕೈ ಮುಗಿದಿದ್ದಾರೆ. ದಡದಲ್ಲಿ ನಿಂತು ಆ ದ್ವೀಪವನ್ನು ತುಂಬ ಹೊತ್ತು ನೋಡಿದೆ.

ಪ್ರವಾಸಿಗಳು ಹೆಚ್ಚಾಗಿ ಬಸ್ಸಿನಲ್ಲಿ ಬಂದು, ಅರ್ಧ ಗಂಟೆ ದೋಣಿಯಲ್ಲಿ ಸುತ್ತಿ, ಫೋಟೋ ತೆಗೆದು ಹೋಗುತ್ತಾರೆ. ನೀರಿನ ಕಡೆಯಿಂದ ಊರು ಚೆಂದವೇ. ಆದರೆ ಊರು ಬದುಕುತ್ತಿರುವುದು ಹಿಂದಿನ ಓಣಿಯಲ್ಲಿ, ಅಲ್ವಾ? ಅದಕ್ಕೆ ಸೈಕಲ್ಲೇ ಸರಿ. ಕಾರಿಗೆ ಆ ರಸ್ತೆ ಇಕ್ಕಟ್ಟು, ನಡೆದರೆ ಕೊಲ್ಲಿ ಪೂರ್ತಿ ಸುತ್ತಲು ಹೊತ್ತು ಜಾಸ್ತಿ ಬೇಕು. ಓಣಿಯ ಒಂದು ಬದಿ ದೋಣಿಮನೆ, ಎದುರು ಬದಿ ಅದೇ ಕುಟುಂಬದ ವಾಸದ ಮನೆ. ವಾಸದ ಮನೆಯ ಬೆನ್ನಿಗೇ ಬೆಟ್ಟ. ಬಾಗಿಲಲ್ಲಿ ರಬ್ಬರ್ ಬೂಟು, ಬಕೆಟ್, ಹಗ್ಗದ ಸುರುಳಿ.

ಒಂದು ಬಾಗಿಲ ಮುಂದೆ ಅಜ್ಜಿಯೊಬ್ಬರು ಮೀನು ಸೀಳಿ ಒಣಗಲು ಇಡುತ್ತಿದ್ದರು. ಸೈಕಲ್ ಇಳಿದು ತಲೆಬಾಗಿ ನಮಸ್ಕರಿಸಿದೆ. ಎಲ್ಲಿಂದ ಬಂದಿರಿ ಅಂತ ಕೇಳಿದರು. ಭಾರತ, ನಮ್ಮದೂ ಮೀನುಗಾರರ ಊರು ಅಂದೆ. ಅಷ್ಟಕ್ಕೇ ಮುಖ ಅರಳಿತು. ಒಳಗೆ ಕರೆದು ನೀರಿನಿಂದ ಒಂದು ಹಗ್ಗ ಎಳೆದು ತೋರಿಸಿದರು. ತುದಿಯಲ್ಲಿ ಬಲೆಯ ಬೋನು. ಇಲ್ಲಿನವರು ಅದಕ್ಕೆ 'ಮೊಂದೊರಿ' ಅನ್ನುತ್ತಾರೆ. ಮೀನಿನ ತಲೆ, ಮುಳ್ಳು ಒಳಗೆ ಹಾಕಿ ಮನೆಯ ಮುಂದೆಯೇ ನೀರಿಗೆ ಬಿಟ್ಟರೆ ಮರುದಿನದ ಸಾರಿಗೆ ಮೀನು. ಇವತ್ತು ಎರಡು ಸಣ್ಣ ಮೀನು ಬಿದ್ದಿದ್ದವು.

"ಈ ರಸ್ತೆ ಮೊದಲು ಇರಲಿಲ್ಲ, ಇಲ್ಲಿ ನಮ್ಮ ಅಂಗಳ ಇತ್ತು ಅಂತ ನಮ್ಮ ಅತ್ತೆ ಹೇಳುತ್ತಿದ್ದರು," ಅಂದರು ಅಜ್ಜಿ. "ಪಕ್ಕದ ಕೇರಿಗೆ ಹೋಗಬೇಕಾದರೂ ದೋಣಿಯೇ."

ಅದು ನಿಜ. ಈ ರಸ್ತೆ ಮಾಡಿದ್ದು 1930ರ ದಶಕದಲ್ಲಿ. ಅಲ್ಲಿವರೆಗೆ ವಾಸದ ಮನೆಗೂ ದೋಣಿಮನೆಗೂ ನಡುವೆ ಒಂದೇ ಅಂಗಳ. ಮನೆಯವರು ಆ ಅಂಗಳವನ್ನು ರಸ್ತೆಗೆ ಬಿಟ್ಟುಕೊಟ್ಟರು. ಇದನ್ನು ಕೇಳಿದ ಮೇಲೆ ನಾನು ಸೈಕಲ್ ಓಡಿಸುವ ರೀತಿಯೇ ಬದಲಾಯಿತು. ಎರಡೂ ಬದಿಯ ಬಾಗಿಲು ಒಂದೇ ಮನೆಯವು, ನಾನು ಹೋಗುತ್ತಿರುವುದು ಅವರ ಅಂಗಳದ ಮೇಲೆ. ಆ ನಂತರ ಅರ್ಧ ದಾರಿ ಸೈಕಲ್ ತಳ್ಳಿಕೊಂಡೇ ಹೋದೆ. ಒಳಗೆ ಬರಬೇಡಿ, ಇದು ನಮ್ಮ ಮನೆ ಎಂಬ ಬೋರ್ಡುಗಳು ಅಲ್ಲಲ್ಲಿ ಇವೆ. ಅಂಥ ಬೋರ್ಡು ಹಾಕುವ ಪರಿಸ್ಥಿತಿ ಬಂದಿದ್ದು ನನಗೆ ಬೇಸರ ತಂದಿತು. ದಯವಿಟ್ಟು, ಯಾರಾದರೂ ಹೋದರೆ ತೆರೆದ ಬಾಗಿಲೊಳಗೆ ಕ್ಯಾಮೆರಾ ಹಿಡಿಯಬೇಡಿ.

2005ರಲ್ಲಿ ಸರ್ಕಾರ ಈ ದೋಣಿಮನೆಗಳ ಕೇರಿಯನ್ನು ರಕ್ಷಿಸಬೇಕಾದ ಸಾಂಪ್ರದಾಯಿಕ ಕಟ್ಟಡಗಳ ಪ್ರದೇಶ ಎಂದು ಘೋಷಿಸಿತು. ಮೀನುಗಾರರ ಊರೊಂದಕ್ಕೆ ಆ ಮಾನ್ಯತೆ ಸಿಕ್ಕಿದ್ದು ಅದೇ ಮೊದಲು. ಗೋಡೆ, ಮಾಡು ಉಳಿಯುತ್ತವೆ, ಒಳ್ಳೆಯದೇ. ಆದರೆ ಯುವಕರು ಕಡಿಮೆ. ಈಗಿನ ಫೈಬರ್ ದೋಣಿಗಳು ಅಗಲ ಜಾಸ್ತಿಯಾಗಿ ದೋಣಿಮನೆಯೊಳಗೆ ಹಿಡಿಸುವುದಿಲ್ಲ, ಹೊರಗೇ ಕಟ್ಟಿರುತ್ತಾರೆ. ಖಾಲಿಯಾದ ಕೆಲವು ಮನೆಗಳು ವಸತಿಗೃಹ, ಕಾಫಿ ಅಂಗಡಿ ಆಗಿವೆ. ಇದನ್ನು ಕೆಡುಕು ಅನ್ನಲು ನನಗೆ ಮನಸ್ಸಿಲ್ಲ. ಊರಿನವರೇ ನಡೆಸುವ ಕಡೆ ದುಡ್ಡು ಊರಲ್ಲೇ ಉಳಿಯುತ್ತದೆ, ಮಕ್ಕಳು ವಾಪಸ್ ಬರಲು ಒಂದು ಕಾರಣವೂ ಆಗುತ್ತದೆ. ದೋಣಿಯಲ್ಲಿ ಸುತ್ತಿ ಗಂಟೆಯೊಳಗೆ ಹೋಗುವವರಿಂದ ಊರಿಗೆ ಅಷ್ಟೇನೂ ಸಿಗುವುದಿಲ್ಲ.

ಮಧ್ಯಾಹ್ನ ಹಸಿ ಮೀನು, ಅನ್ನ, ಮಿಸೊ ಸಾರಿನ ಊಟ. ತಾಜಾ ಮೀನು, ಬೇರೆ ಹೇಳುವುದೇ ಬೇಡ. ಸಸ್ಯಾಹಾರಿಗಳು ಮಾತ್ರ ಬುತ್ತಿ ತರಬೇಕು, ಏಕೆಂದರೆ ಸಾರಿನ ನೀರಿಗೇ ಒಣಮೀನು ಬಿದ್ದಿರುತ್ತದೆ. ಉಪ್ಪಿನ ಪ್ಲಮ್ ಇಟ್ಟ ಅನ್ನದ ಉಂಡೆ ದಾರಿಯ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ದಡದಲ್ಲಿ ಕೂತು ತಿನ್ನುವಾಗ ಮೇಲೆ ನೋಡುತ್ತಿರಿ, ಹದ್ದುಗಳು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ.

ಊಟದ ಮೇಲೆ ಮುಕಾಯಿ ಶುಜೊ ಅಂಗಡಿಗೆ ಹೋದೆ. 1754ರಲ್ಲಿ ಶುರುವಾದ ಸಾಕೆ, ಅಂದರೆ ಅಕ್ಕಿಯ ಮದ್ಯದ ತಯಾರಕರು. ಅವರ 'ಇನೆ ಮಾನ್‌ಕಾಯ್' ಎಂಬ ಸಾಕೆಯನ್ನು ಹಳೆಯ ತಳಿಯ ಬಣ್ಣದ ಅಕ್ಕಿಯಿಂದ ಮಾಡುತ್ತಾರೆ, ಹಾಗಾಗಿ ಅದು ಕೆಂಪಗಿದೆ. ಕುಡಿದು ಸೈಕಲ್ ಹೊಡೆಯುವುದು ಇಲ್ಲಿ ಅಪರಾಧ. ಸಣ್ಣ ಬಾಟಲಿ ಕೊಂಡು ಚೀಲಕ್ಕೆ ಹಾಕಿಕೊಂಡೆ. ಆಮೇಲೆ ಬೆಟ್ಟದ ಮೇಲಿನ ಪಾರ್ಕಿಗೆ ಸೈಕಲ್ ತಳ್ಳಿ, ಕೊಲ್ಲಿಯನ್ನು ಒಮ್ಮೆ ಪೂರ್ತಿ ನೋಡಿ ಇಳಿದೆ.

ಮೂರು ಗಂಟೆಗೆ ವಾಪಸ್. ಜಪಾನಿನಲ್ಲೂ ವಾಹನ ಓಡುವುದು ಎಡಕ್ಕೆ. ಹೋಗುವಾಗ ರಸ್ತೆಯ ಆಚೆಗಿದ್ದ ಸಮುದ್ರ ಬರುವಾಗ ಕೈಗೆ ತಾಗುವಷ್ಟು ಹತ್ತಿರ. ಆದ್ದರಿಂದ ಈ ದಾರಿಯಲ್ಲಿ ಒಂದು ಕಡೆಗೆ ಮಾತ್ರ ಸೈಕಲ್ ಸಾಕು ಅನ್ನುವವರು ಬಸ್ಸಿನಲ್ಲಿ ಹೋಗಿ ಸೈಕಲ್‌ನಲ್ಲಿ ಬರುವುದು ವಾಸಿ.

ನೋಡದೆ ಉಳಿದದ್ದು ಉರಾಶಿಮಾ ದೇಗುಲ. ಆಮೆಯ ಬೆನ್ನೇರಿ ಸಮುದ್ರದಡಿಯ ಅರಮನೆಗೆ ಹೋದ ಬೆಸ್ತರ ಹುಡುಗನ ಕಥೆ ಜಪಾನಿನ ಮಕ್ಕಳಿಗೆಲ್ಲ ಗೊತ್ತು. ಅವನ ಗುಡಿ ಇದೇ ಊರಿಗೆ ಸೇರಿದ್ದು, ಬೆಟ್ಟದ ಆಚೆ ಬದಿ. ಚಳಿಗಾಲದಲ್ಲಿ ಬುರಿ ಎಂಬ ದೊಡ್ಡ ಮೀನು ಕೊಬ್ಬೇರಿ ಈ ಕಡಲಿಗೆ ಬರುತ್ತದೆ. ಆ ಹೊತ್ತಿಗೆ ಇನ್ನೊಮ್ಮೆ ಬಂದು, ಊರಿನವರು ನಡೆಸುವ ದೋಣಿಮನೆಯಲ್ಲೇ ರಾತ್ರಿ ಉಳಿದು, ಮರುದಿನ ಗುಡಿಗೆ ಹೋಗಬೇಕು. ಹಿಮ ಬಿದ್ದಿದ್ದರೆ ಸೈಕಲ್ ಬಿಟ್ಟು ಬಸ್ಸು.